ಘಾಟಿಯಲ್ಲಿ ಕಲ್ಲು ಬೇಡ, ಬೆಣೆ ಇರಲಿ

ಮಾನ್ಯ ಸಂಪಾದಕರೇ,

ಶಿರಾಡಿ ಘಾಟಿಯಲ್ಲಿ ರಾತ್ರಿ ಬೈಕ್ ಓಡಿಸುವವರಿಗೆ ಗುಂಡಿಗಿಂತ ಜಾಸ್ತಿ ಭಯ ರಸ್ತೆ ಮಧ್ಯೆ ಬಿದ್ದಿರುವ ಕಲ್ಲಿನದು. ಕೆಟ್ಟು ನಿಂತ ಲಾರಿಯ ಗಾಲಿಗೆ ಅಡ್ಡ ಕೊಟ್ಟು, ಹೊರಡುವಾಗ ಅಲ್ಲೇ ಬಿಟ್ಟುಹೋದ ಕಲ್ಲುಗಳು ಅವು. ಮಂಜು, ಮಳೆ ಇದ್ದರೆ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಹೀಗೇ ಬಿದ್ದು ಕೈ ಮುರಿದುಕೊಂಡ. ಅವನನ್ನು ಎತ್ತಿ ಕೂರಿಸಿದವರಲ್ಲಿ ನಾನೂ ಒಬ್ಬ.

ಬಹಳ ವರ್ಷ ಇದೇ ದಾರಿಯಲ್ಲಿ ಮಂಗಳೂರು–ಬೆಂಗಳೂರು ಲೋಡ್ ಹೊಡೆದವನು ನಾನು. ಚಾಲಕರು ಬೇಕೂಂತ ಕಲ್ಲು ಬಿಟ್ಟುಹೋಗುವುದಿಲ್ಲ. ಏರಿನಲ್ಲಿ ಲೋಡ್ ಗಾಡಿ ಒಮ್ಮೆ ಹೊರಟಿತು ಅಂದರೆ ಮತ್ತೆ ನಿಲ್ಲಿಸಲು ಧೈರ್ಯ ಬರುವುದಿಲ್ಲ. ಕ್ಲೀನರ್ ಓಡಿ ಬಂದು ಹತ್ತಬೇಕು. ಕಲ್ಲು ಎತ್ತಿ ಬದಿಗೆ ಹಾಕಲು ಅವನಿಗೆ ಪುರುಸೊತ್ತೆಲ್ಲಿ? ಹಾಗಂತ ಅಡ್ಡ ಕೊಡದೆ ಇರಲೂ ಆಗದು. ಹೆಚ್ಚಿನ ಲಾರಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಪಂಕ್ಚರ್ ಆಯಿತೆಂದು ಹಿಂದಿನ ಗಾಲಿಗೆ ಜಾಕ್ ಕೊಟ್ಟರೆ ಆ ಕಡೆಯ ಹಿಡಿತವೇ ಹೋಯಿತು.

ಇದಕ್ಕೆ ಮದ್ದು ಮರದ ಬೆಣೆ. ಉಂಡೆ ಕಲ್ಲು ಒದ್ದೆ ಟಾರಿನ ಮೇಲೆ ಜಾರುತ್ತದೆ, ಉರುಳುತ್ತದೆ. ಬೆಣೆಯ ತಳ ಪೂರ್ತಿ ರಸ್ತೆಗೆ ಕೂತಿರುತ್ತದೆ. ಗಾಲಿ ಹಿಂದಕ್ಕೆ ಜರುಗಬೇಕಾದರೆ ಅದರ ಓರೆಯನ್ನು ಹತ್ತಬೇಕು, ಅಂದರೆ ಅಷ್ಟೂ ಲೋಡನ್ನು ಮೇಲಕ್ಕೆ ಎತ್ತಬೇಕು. ಹತ್ತಲು ನೋಡಿದಷ್ಟೂ ಆ ಭಾರವೇ ಬೆಣೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಕೊಡಲಿ ಕಾವಿನಿಂದ ಕಳಚದಂತೆ ಹೊಡೆಯುವ ಚಕ್ಕೆ, ಬಾಗಿಲು ಬಡಿದುಕೊಳ್ಳದಂತೆ ಅಡಿಗೆ ತುರುಕುವ ತುಂಡು, ಎಲ್ಲ ಇದೇ ಜಾತಿ. ಮಕ್ಕಳು ಶಾಲೆಯಲ್ಲಿ ಸರಳ ಯಂತ್ರ ಅಂತ ಓದುತ್ತಾರಲ್ವಾ, ಅದೇ ಇದು.

ಮಾಡಿಸುವುದೂ ಕಷ್ಟವಲ್ಲ. ಟೈರಿನಷ್ಟು ಅಗಲದ, ಒಣಗಿದ ಜಾಲಿ ಮರದ ದಿಮ್ಮಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕುಯ್ಯಿಸಿದರೆ ಒಂದರಲ್ಲೇ ಎರಡು ಬೆಣೆ ಸಿಗುತ್ತವೆ. ದಪ್ಪ ಕಡೆ ತೂತು ಕೊರೆದು ಉದ್ದದ ಹಗ್ಗ ಕಟ್ಟಬೇಕು. ನೆಲದ ಮೇಲಿರುವ ಗಾಲಿಗೆ, ಇಳಿಜಾರಿನ ಕಡೆಯಿಂದ ಒತ್ತಿ ಇಡಬೇಕು. ಹೊರಡುವಾಗ ಲಾರಿ ಗೇಣುದ್ದ ಮುಂದೆ ಹೋದರೆ ಸಾಕು, ಬೆಣೆ ಸಡಿಲಾಗುತ್ತದೆ. ಕ್ಲೀನರ್ ಬದಿಯಲ್ಲಿ ನಿಂತೇ ಹಗ್ಗ ಎಳೆದುಕೊಂಡು ಗಾಡಿ ಹತ್ತಬಹುದು. ಗಾಲಿ ಹಿಂದೆ ಬಗ್ಗಿ ಜೀವಕ್ಕೆ ಅಪಾಯ ತಂದುಕೊಳ್ಳುವುದೂ ತಪ್ಪುತ್ತದೆ. ನನಗೆ ಇದೇ ದೊಡ್ಡ ಲಾಭ ಅನಿಸುತ್ತದೆ.

ಎಫ್‌ಸಿ (ಗಾಡಿ ಓಡಿಸಲು ಯೋಗ್ಯವಾಗಿದೆ ಎಂಬ ಸರ್ಟಿಫಿಕೇಟ್) ಮಾಡುವಾಗ ಆರ್‌ಟಿಒ ಅಧಿಕಾರಿಗಳು ಸ್ಟೆಪ್ನಿ, ಜಾಕ್ ಜತೆ ಎರಡು ಬೆಣೆ ಇವೆಯಾ ಅಂತಲೂ ನೋಡಲಿ. ಹೆದ್ದಾರಿ ಗಸ್ತಿನವರು ಮಾರನಹಳ್ಳಿಯಿಂದ ಗುಂಡ್ಯದವರೆಗೆ ಬೆಳಗ್ಗೆ ಒಂದು ಸುತ್ತು ಹೊಡೆದು, ಬಿದ್ದ ಕಲ್ಲುಗಳನ್ನು ಚರಂಡಿಯ ಆಚೆ ಹಾಕಿಸಲಿ. ಲಾರಿ ಮಾಲೀಕರು ಮನಸ್ಸು ಮಾಡಿದರೆ ಆದೇಶಕ್ಕೆ ಕಾಯಬೇಕಾಗಿಲ್ಲ. ಈ ಮಳೆಗಾಲಕ್ಕೆ ಮೊದಲೇ ಮಾಡಿಸಿಕೊಡಿ ಎಂದು ಕೈಮುಗಿದು ಕೇಳುತ್ತೇನೆ.

– ಒಬ್ಬ ಹಳೆಯ ಲಾರಿ ಚಾಲಕ, ಸಕಲೇಶಪುರ