ಬಿಳಿ ವೈನ್‌ಗೆ ಇನ್ನು ಕಾರ್ಕ್ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಈ ವರ್ಷದ ನಮ್ಮ ಎರಡು ಬಿಳಿ ವೈನ್‌ಗಳಾದ ಸಾವಿನ್ಯೋನ್ ಬ್ಲಾಂಕ್ ಮತ್ತು ವಿಯೋನಿಯೇ ಅಂಗಡಿಗಳಿಗೆ ಬಂದಿವೆ. ಎರಡಕ್ಕೂ ಕಾರ್ಕ್ ಬಿರಡೆ ಇಲ್ಲ, ಕೈಯಲ್ಲಿ ತಿರುಗಿಸಿ ತೆಗೆಯುವ ಸ್ಕ್ರೂ ಕ್ಯಾಪ್ ಇದೆ. ಬಾಟಲಿಗೆ 50 ರೂಪಾಯಿ ಜಾಸ್ತಿಯೂ ಆಗಿದೆ. ಮುಚ್ಚಳ, ಬೆಲೆ ಎರಡೂ ಒಟ್ಟಿಗೇ ಬದಲಾದದ್ದರಿಂದ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಟೇಸ್ಟಿಂಗ್ ರೂಮಿನ ಕೌಂಟರಿನಲ್ಲಿ ನಮಗೆ ಕೇಳಿಸುತ್ತಿರುವುದು ಒಂದೇ ಮಾತು: "ಅಗ್ಗದ ಮುಚ್ಚಳ ಹಾಕಿ ರೇಟು ಏರಿಸಿದ್ದೀರಲ್ಲ, ಇದೇನು ಕ್ವಾರ್ಟರ್ ಬಾಟಲಿಯಾ?"

ಮೊದಲ ಸಲ ಕೇಳಿದಾಗ ನಕ್ಕೆವು. ಆಮೇಲೆ ನಗು ಬರಲಿಲ್ಲ. ಹಾಗಾಗಿ ವಿವರವಾಗಿಯೇ ಉತ್ತರ ಕೊಡುತ್ತೇವೆ.

ನಮ್ಮ ಬಿಳಿ ವೈನ್ ಸಿಹಿ ಇರುವುದಿಲ್ಲ ಎಂದು ನಿಮಗೆ ಗೊತ್ತು. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚು ಕಡಿಮೆ ಪೂರ್ತಿ ತಿಂದು ಮುಗಿಸುವವರೆಗೂ ನಾವು ಕಾಯುತ್ತೇವೆ. ಸಿಹಿ ಹೋದ ಮೇಲೆ ಗ್ಲಾಸಿನಲ್ಲಿ ಉಳಿಯುವುದು ಹುಳಿ ಮತ್ತು ಘಮ. ಆ ಘಮವೂ ಹೋದರೆ ನೀವು ದುಡ್ಡು ಕೊಟ್ಟದ್ದು ಯಾತಕ್ಕೆ? ಸಾವಿನ್ಯೋನ್ ಬ್ಲಾಂಕ್‌ನಲ್ಲಿ ಸೀಬೆಹಣ್ಣು, ಪ್ಯಾಷನ್ ಫ್ರೂಟ್ ವಾಸನೆ ಬರುತ್ತದಲ್ಲ, ಅದು ಥಯಾಲ್ ಎಂಬ ಗಂಧಕದ ಸಂಯುಕ್ತಗಳಿಂದ ಬರುವುದು. ಅವುಗಳಿಗೆ ಗಾಳಿ ಆಗಿಬರುವುದಿಲ್ಲ. ಕಾಫಿಪುಡಿ ಪೊಟ್ಟಣ ಬಾಯಿ ಬಿಟ್ಟು ಇಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಕಾರ್ಕ್ ಅಂದರೆ ಮರದ ತೊಗಟೆ. ಒಂದು ಬಿರಡೆ ಇದ್ದಂತೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಗಾಳಿ ಸ್ವಲ್ಪ ನುಸುಳುತ್ತದೆ, ಇನ್ನೊಂದರಲ್ಲಿ ಜಾಸ್ತಿ. ಇನ್ನು ಕೆಲವು ಕಾರ್ಕ್‌ಗಳಲ್ಲಿ ಟಿಸಿಎ ಎಂಬ ಪದಾರ್ಥ ಸೇರಿರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಇಡೀ ಬಾಟಲಿ ಒದ್ದೆ ಗೋಣಿಚೀಲದ ವಾಸನೆ ಹೊಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ಕಷ್ಟ. ಕೆಟ್ಟ ವಾಸನೆ ಬರುವುದಿಲ್ಲ, ಒಳ್ಳೆ ವಾಸನೆ ಮಾತ್ರ ಸತ್ತಿರುತ್ತದೆ. ಕುಡಿದವರು ಕಾರ್ಕನ್ನು ಬಯ್ಯುವುದಿಲ್ಲ, "ಈ ಸಲ ವೈನ್ ಸಪ್ಪೆ" ಎಂದು ನಮ್ಮನ್ನು ಬಯ್ಯುತ್ತಾರೆ. ನಮ್ಮಲ್ಲಿ ಅಂಗಡಿಗಳ ಪಾಡು ಬೇರೆ. ಬಾಟಲಿಗಳನ್ನು ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿರುತ್ತಾರೆ, ಏಪ್ರಿಲ್ ಸೆಕೆಗೆ ಒಳಗಿನ ವೈನ್ ಹಿಗ್ಗಿ ಕಾರ್ಕನ್ನೇ ಮೇಲೆ ತಳ್ಳುತ್ತದೆ.

ಇದನ್ನೆಲ್ಲ ತಪ್ಪಿಸಲು ಸ್ಕ್ರೂ ಕ್ಯಾಪ್ ಹಾಕುವುದು ನಾವು ಕಂಡುಹಿಡಿದ ಉಪಾಯವೇನೂ ಅಲ್ಲ. ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನನ್ನು ಸಿಹಿಯಿಲ್ಲದಂತೆ ಮಾಡುವವರ ಒಂದು ಗುಂಪು 2000ದ ಬೆಳೆಯನ್ನು ಒಟ್ಟಾಗಿ ಸ್ಕ್ರೂ ಕ್ಯಾಪ್‌ಗೆ ಹಾಕಿತು. ಮರುವರ್ಷವೇ ನ್ಯೂಜಿಲೆಂಡಿನವರು ಅದೇ ದಾರಿ ಹಿಡಿದರು. ಇವತ್ತು ಅಲ್ಲಿಂದ ಬರುವ ಸಾವಿನ್ಯೋನ್ ಬ್ಲಾಂಕ್‌ನಲ್ಲಿ ಕಾರ್ಕ್ ಹುಡುಕಿದರೂ ಸಿಗುವುದು ಅಪರೂಪ. ನಮ್ಮ ಬಾಟಲಿಯ ಎರಡರಷ್ಟು ಬೆಲೆ ಕೊಟ್ಟು ಅದನ್ನು ತರುವಾಗ ಕ್ವಾರ್ಟರ್ ನೆನಪಾಗುವುದಿಲ್ಲ, ಅಲ್ವಾ?

ಈಗ ದುಡ್ಡಿನ ವಿಷಯ. ಮುಚ್ಚಳ ಒಂದನ್ನೇ ನೋಡಿದರೆ ಒಳ್ಳೆ ಕಾರ್ಕ್‌ಗಿಂತ ಅದು ಅಗ್ಗ, ನಿಜ. ಆದರೆ ಅದಕ್ಕೆ ಕುತ್ತಿಗೆಯಲ್ಲಿ ತಿರುಪಿನ ಗೆರೆ ಇರುವ ಬೇರೆ ಬಾಟಲಿ ಬೇಕು. ಮುಚ್ಚಳವನ್ನು ಒತ್ತಿ ಕೂರಿಸಲು ಬೇರೆ ಯಂತ್ರ ಬೇಕು. ಹಳೇ ಬಾಟಲಿಗಳ ದಾಸ್ತಾನು ಬಿಳಿ ವೈನ್‌ಗೆ ಉಪಯೋಗಕ್ಕೆ ಬರಲಿಲ್ಲ. ಇದಕ್ಕೆಲ್ಲ ಜಿಎಸ್‌ಟಿ ಕಟ್ಟಿದ್ದೇವೆ, ಖಾಲಿ ಗಾಜಿನ ಬಾಟಲಿಗೇ 18 ಪರ್ಸೆಂಟ್. ಬಿಸ್ಕತ್ತು ಮಾಡುವವರು ಪ್ಯಾಕಿಂಗ್‌ಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ನಮಗೆ ಆ ದಾರಿ ಇಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ.

ಅದರ ಮೇಲೆ ಕರೆಂಟು. ನಂದಿ ಬೆಟ್ಟದ ಸುತ್ತ ದ್ರಾಕ್ಷಿ ಕೊಯ್ಲು ಬಿಸಿಲು ಏರುವ ಹೊತ್ತಿಗೇ ಬರುತ್ತದೆ. ಬೆಳಗಿನ ಜಾವ ಕೊಯ್ದು, ರಸವನ್ನು 15 ಡಿಗ್ರಿ ಆಸುಪಾಸಿನಲ್ಲಿ ದಿನಗಟ್ಟಲೆ ಹುದುಗು ಬರಿಸಬೇಕು. ಬಿಸಿಯಾದರೆ ಘಮವೆಲ್ಲ ಟ್ಯಾಂಕಿನಿಂದಲೇ ಹಾರಿಹೋಗುತ್ತದೆ. ಕರೆಂಟು ಹೋದರೆ ಡೀಸೆಲ್. ಕೆಂಪು ವೈನ್‌ಗೆ ಇಷ್ಟು ತಂಪು ಬೇಕಿಲ್ಲ. "ಬಿಳಿದು ಅಗ್ಗ ಇರಬೇಕಲ್ವಾ" ಎನ್ನುವವರು ಕೊಯ್ಲಿನ ಸಮಯದಲ್ಲಿ ಬಂದು ಟ್ಯಾಂಕು ತಂಪು ಮಾಡುವ ಚಿಲ್ಲರ್‌ನ ಕರೆಂಟ್ ಮೀಟರ್ ಒಮ್ಮೆ ನೋಡಿ. ಕಾಫಿ ನಮ್ಮದು.

50 ರೂಪಾಯಿ ಇದಕ್ಕೇ ಹೋಗಿದೆ. ಬೆಲೆ ಏರಿದ್ದಕ್ಕೆ ಬೇಜಾರಿದೆ, ಕ್ಷಮಿಸಿ. ಹೊಸ ಬಾಟಲಿ ಬರುವವರೆಗೆ ಸ್ಟಾಕ್ ಇಲ್ಲದೆ ಅಂಗಡಿಯಿಂದ ಅಂಗಡಿಗೆ ಅಲೆದವರಿಗೂ ಕ್ಷಮೆ ಕೇಳುತ್ತೇವೆ. ಮುಚ್ಚಳಕ್ಕೆ ಮಾತ್ರ ಕೇಳುವುದಿಲ್ಲ.

ಊಟದ ಜೊತೆ ಕುಡಿದು ನೋಡಿ, ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ. ಸಾವಿನ್ಯೋನ್ ಬ್ಲಾಂಕ್‌ನಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆಯೂ ಒಂದಿಷ್ಟು ಇರುತ್ತದೆ. ಸುಮ್ನೆ ಹೇಳುತ್ತಿಲ್ಲ, ಎರಡರಲ್ಲೂ ಇರುವುದು ಪೈರಜಿನ್ ಎಂಬ ಒಂದೇ ಜಾತಿಯ ಸಂಯುಕ್ತ. ನಿಂಬೆ ಹಿಂಡಿ, ಕೊತ್ತಂಬರಿ ಸೊಪ್ಪು ಉದುರಿಸಿದ ಹೆಸರುಬೇಳೆ ಕೋಸಂಬರಿಗೆ, ಮಾವಿನಕಾಯಿ ಚಿತ್ರಾನ್ನಕ್ಕೆ, ಕಾಣೆ ಮೀನಿನ ರವೆ ಫ್ರೈಗೆ ಇದೇ ಸರಿ. ಹುಳಿಗೆ ಹುಳಿ ಜೋಡಿಯಾಗುತ್ತದೆ, ಕರಿದ ಜಿಡ್ಡು ನಾಲಿಗೆ ಬಿಡುತ್ತದೆ.

ವಿಯೋನಿಯೇ ದ್ರಾಕ್ಷಿಯ ಮೂಲ ಫ್ರಾನ್ಸಿನ ರೋನ್ ಕಣಿವೆ. ಅದರ ಹೂವಿನ ಘಮಕ್ಕೆ ಕಾರಣವಾದ ಲಿನಲೂಲ್ ಎಂಬ ಸಂಯುಕ್ತ ನಮ್ಮ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇದೆ. ಹಾಗಾಗಿ ಧನಿಯಾ, ತೆಂಗಿನಹಾಲು ಬಿದ್ದ ಅಡುಗೆಗೆ ಅದು ಚೆನ್ನಾಗಿ ಒಗ್ಗುತ್ತದೆ: ಸಾಗು, ಸಿಗಡಿ ಗಸಿ, ಪಕ್ಕದಲ್ಲಿ ನೀರ್ ದೋಸೆ. ಗುಂಟೂರು ಮೆಣಸಿನಕಾಯಿ ಸುರಿದ ನಾಟಿ ಕೋಳಿ ಸಾರಿಗೆ ಬೇಡ. ಆಲ್ಕೋಹಾಲ್ ಖಾರದ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಬಿಸಿಬೇಳೆಬಾತ್‌ಗೆ ಯಾವ ವೈನ್ ಎಂದು ಬಹಳ ಜನ ಕೇಳುತ್ತೀರಿ. ಯಾವುದೂ ಬೇಡ, ಖಾರಾ ಬೂಂದಿ ಸಾಕು.

ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಬಗ್ಗಿಸಿ. ಐಸ್ ದಯವಿಟ್ಟು ಹಾಕಬೇಡಿ. ಸ್ಕ್ರೂ ಕ್ಯಾಪ್ ತೆಗೆದ ಕೂಡಲೇ ಕೆಲವೊಮ್ಮೆ ಬೆಂಕಿಕಡ್ಡಿ ಗೀಚಿದ ವಾಸನೆ ಬರಬಹುದು. ಗಾಬರಿ ಬೇಡ, ಗ್ಲಾಸ್ ನಾಲ್ಕು ಸುತ್ತು ಆಡಿಸಿದರೆ ಹೋಗುತ್ತದೆ. ಉಳಿದದ್ದಕ್ಕೆ ಅದೇ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತದೆ.

ನಮ್ಮ ಕೆಂಪು ವೈನ್‌ಗಳಿಗೆ ಕಾರ್ಕೇ ಮುಂದುವರಿಯುತ್ತದೆ, ಹಾಗಾಗಿ ಕಾರ್ಕ್‌ಸ್ಕ್ರೂ ಎಸೆಯಬೇಡಿ. ಹೋದ ವರ್ಷದ ಕಾರ್ಕ್ ಹಾಕಿದ ಬಿಳಿ ಬಾಟಲಿ ಮನೆಯಲ್ಲಿದ್ದರೆ ಜೋಪಾನ ಮಾಡದೆ ಈಗಲೇ ಕುಡಿದುಬಿಡಿ. ಗೋಣಿಚೀಲದ ವಾಸನೆ ಬಂದರೆ ಚೆಲ್ಲಬೇಡಿ. ಉಳಿದದ್ದನ್ನು ಬಾಟಲಿ ಸಮೇತ ಟೇಸ್ಟಿಂಗ್ ರೂಮಿಗೆ ತನ್ನಿ, ಹೊಸದು ಕೊಡುತ್ತೇವೆ. ಬಿಲ್ ಕೇಳುವುದಿಲ್ಲ.

ನಿಮ್ಮ,
ವೈನರಿ ಬಳಗ