ಭಾನುವಾರದ ಆಟೋಕ್ರಾಸ್: ಎಂಜಿಬಿ ತರುವವರಿಗೂ ಕಲಿಸುವವರಿಗೂ ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ. ಭಾನುವಾರ ಚಿಕ್ಕಬಳ್ಳಾಪುರದ ಹೊರವಲಯದ ಮೈದಾನದಲ್ಲಿ ನಡೆಯುವ ಆಟೋಕ್ರಾಸ್‌ಗೆ (ಕೋನುಗಳ ನಡುವಿನ ಹಾದಿಯಲ್ಲಿ ಸಮಯ ಅಳೆದು ಕಾರು ಓಡಿಸುವ ಸ್ಪರ್ಧೆ) ಹಳೆಯ ಎಂಜಿಬಿ ಕಾರನ್ನು (ಬ್ರಿಟನ್ನಿನ ಸ್ಪೋರ್ಟ್ಸ್ ಕಾರು) ತರುವವರು ದಯವಿಟ್ಟು ಬೆಳಿಗ್ಗೆ 7 ಗಂಟೆಗೇ ಬರಬೇಕು. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಹೊಂದಿಸುವ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಗಾಳಿ ತೆಳುವಾಗಿರುವುದರಿಂದ, ಕರಾವಳಿಯಲ್ಲಿ ಹೊಂದಿಸಿ ತಂದ ಎಸ್‌ಯು ಕಂಪನಿಯ ಜೋಡಿ ಕಾರ್ಬ್ಯುರೇಟರ್‌ಗಳು ಇಲ್ಲಿ ಪೆಟ್ರೋಲನ್ನು ಅಗತ್ಯಕ್ಕಿಂತ ಹೆಚ್ಚು ಬೆರೆಸುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಎತ್ತಿ ಕಿವಿಗೊಡಿ: ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿ. ಪೆಟ್ರೋಲ್ ಹೆಚ್ಚಿದ್ದರೆ, ಅದರ ಪ್ರಮಾಣ ಹೊಂದಿಸುವ ಜೆಟ್ ನಟ್ಟನ್ನು ಒಮ್ಮೆಗೆ ಅದರ ಒಂದೇ ಮಗ್ಗುಲಿನಷ್ಟು ಮೇಲಕ್ಕೆ ತಿರುಗಿಸಿ, ಎರಡನೆಯ ಕಾರ್ಬ್ಯುರೇಟರನ್ನು ಮುಗಿಸಿದ ಬಳಿಕ ಮೊದಲನೆಯದನ್ನು ಮತ್ತೊಮ್ಮೆ ಪರೀಕ್ಷಿಸಿ. ಡ್ಯಾಶ್‌ಪಾಟ್ ಎಣ್ಣೆಯನ್ನೂ (ಆ ಪಿಸ್ಟನ್ ಹಠಾತ್ತನೆ ಮೇಲೇರದಂತೆ ತಡೆಯುವ ಎಣ್ಣೆ) ಮರೆಯಬೇಡಿ.

ಪಕ್ಕದಲ್ಲಿ ಕುಳಿತು ಕಲಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ಸುತ್ತುಗಳಲ್ಲಿ ವೇಗದ ಮಾತೇ ಬೇಡ, ಮುಂದಿನ ಕೋನಿನತ್ತ ದೃಷ್ಟಿ ಇಡುವುದನ್ನು ಮಾತ್ರ ಕಲಿಸಿ. ಹಿಂದಿನ ಚಕ್ರಗಳಿಂದ ಓಡುವ ಈ ಕಾರಿನಲ್ಲಿ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರಬಹುದಾದ್ದರಿಂದ, ನೇರ ಹಾದಿಯಲ್ಲೇ ಬ್ರೇಕ್ ಮುಗಿಸುವ ಅಭ್ಯಾಸ ಮಾಡಿಸಿ. ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ.