ಹಣ ಎಲ್ಲಿ ನಿಂತಿದೆ ಎಂದು ಆ್ಯಪ್ ಹೇಳಲಿ

ಮಾನ್ಯ ಸಂಪಾದಕರೇ,

ಮಾಟುಂಗಾ, ಫೋರ್ಟ್ ಕಡೆಯ ನಮ್ಮವರ ಹೋಟೆಲುಗಳ ಗಲ್ಲೆಯಲ್ಲಿ ಊಟದ ಹೊತ್ತಿಗೆ ಯುಪಿಐ ತಕರಾರು ಮಾಮೂಲಿ. ಗಿರಾಕಿಗೆ ಹಣ ಕಡಿತದ ಎಸ್ಸೆಮ್ಮೆಸ್ ಬಂದಿರುತ್ತದೆ, ಹಣ ಬಂತೆಂದು ಕೂಗಿ ಹೇಳುವ ಸೌಂಡ್‌ಬಾಕ್ಸ್ ಸುಮ್ಮನಿರುತ್ತದೆ, ಆ್ಯಪ್ 'ಪ್ರಕ್ರಿಯೆಯಲ್ಲಿದೆ' ಎನ್ನುತ್ತದೆ. ಹಿಂದೆ ಜನ ಕಾಯುತ್ತಿರುವುದರಿಂದ ಗಿರಾಕಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಕೆಲವೊಮ್ಮೆ ಎರಡೂ ಜಮೆಯಾಗುತ್ತವೆ.

ಪಾವತಿಯ ಕೋರಿಕೆ ಆ್ಯಪಿನಿಂದ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ, ಅಲ್ಲಿಂದ ಕೊಡುವವರ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ಹಣ ಕಡಿತವಾದ ಮೇಲೆಯೇ ಪಡೆಯುವವರ ಬ್ಯಾಂಕಿಗೆ ಜಮೆ ಮಾಡುವ ಸೂಚನೆ. ಕಡಿತವೇ ಆಗದೆ ವಿಫಲವಾಗಿದ್ದರೆ ಮತ್ತೆ ಪಾವತಿಸಲು ಅಂಜಬೇಕಿಲ್ಲ. ಕಡಿತವಾಗಿ, ಪಡೆಯುವವರ ಬ್ಯಾಂಕಿನ ಉತ್ತರ ತಡವಾಗಿದ್ದರೆ ಕಾಯಲೇಬೇಕು. ಇವೆರಡಕ್ಕೂ ಪರದೆಯ ಮೇಲೆ ಒಂದೇ ಮಾತು ಬಂದರೆ ಜನ ಏನು ಮಾಡಬೇಕು?

ವ್ಯವಸ್ಥೆಯ ಒಳಗೆ ಇಂಥ ವೈಫಲ್ಯಗಳಿಗೆ ಕೋಡ್ ಇದೆ. ಝೆಡ್‌ಎಂ ಎಂದರೆ ಪಿನ್ ತಪ್ಪು, ಝೆಡ್9 ಎಂದರೆ ಖಾತೆಯಲ್ಲಿ ಹಣ ಸಾಲದು, ಯು30 ಎಂದರೆ ಕಡಿತ ವಿಫಲ. ಈ ಕೋಡುಗಳನ್ನು ಹಾಗೆಯೇ ಜನರ ಮುಂದಿಡಿ ಎನ್ನುತ್ತಿಲ್ಲ. ಪಿನ್ ಗೂಢಲಿಪೀಕರಣದಂಥ (ಯಾರೂ ಓದಲಾಗದಂತೆ ಪಿನ್ ಅನ್ನು ಗುಪ್ತ ಸಂಕೇತವಾಗಿ ಬದಲಿಸುವ) ವಿಷಯವೂ ಒಳಗೇ ಇರಲಿ. ಹಣ ಕಡಿತವಾಗಿದೆಯೇ, ಈಗ ಮತ್ತೆ ಕೊಡಬಹುದೇ, ವಾಪಸು ಬರುವುದಾದರೆ ಯಾವ ತಾರೀಖಿನೊಳಗೆ, ಇಷ್ಟು ಕನ್ನಡದಲ್ಲಿ, ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಕಾಣಬೇಕು.

ತಾರೀಖು ಹೇಳುವುದು ಕಷ್ಟವೇನಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಗಡುವು ಹಾಕಿದೆ. ಖಾತೆಯಿಂದ ಖಾತೆಗೆ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟಿದ್ದು ಖಾತ್ರಿಯಾಗದಿದ್ದರೆ 5 ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ದೂರು ಕೊಡುವವರೆಗೆ ಕಾಯದೆ. ಗಿರಾಕಿಯ ಕೈಯಲ್ಲಿರುವ ಪರದೆಯ ಮೇಲೆಯೇ ಇದನ್ನು ಬರೆದಿದ್ದರೆ ಗಲ್ಲೆಯಲ್ಲಿ ಕೂತವರ ಜೊತೆ ಜಗಳವೇ ಆಗದು.

ಇನ್ನೊಂದು ಕೊರತೆ 12 ಅಂಕಿಯ ಉಲ್ಲೇಖ ಸಂಖ್ಯೆಯದು. ಬ್ಯಾಂಕಿನಲ್ಲಿ ವಹಿವಾಟು ಹುಡುಕಲು ಬೇಕಾಗುವುದು ಅದೇ. ಹಲವು ಆ್ಯಪುಗಳು ಅದನ್ನು ವಿವರದ ಪುಟದ ಕೆಳಗೆ ಹಾಕಿ, ಅಕ್ಷರ-ಅಂಕಿ ಬೆರೆತ ತಮ್ಮದೇ ಉದ್ದದ ಸಂಖ್ಯೆಯನ್ನು ಮೇಲೆ ತೋರಿಸುತ್ತವೆ. ಜನ ಅದನ್ನೇ ಬರೆದುಕೊಂಡು ಬ್ಯಾಂಕಿಗೆ ಅಲೆಯುತ್ತಾರೆ. ಇದು ಖಂಡಿತ ಸರಿಯಲ್ಲ. ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ (ಬಿಕೆಸಿ) ಕಚೇರಿ ಇರುವ ಎನ್‌ಪಿಸಿಐ ಈ ಸಂಖ್ಯೆಯ ಜಾಗವನ್ನು ಎಲ್ಲ ಆ್ಯಪಿಗೂ ಒಂದೇ ರೀತಿ ಗೊತ್ತುಮಾಡಲಿ.

ಅಲ್ಲಿಯವರೆಗೆ ಹೋಟೆಲಿನವರು ಗಿರಾಕಿಯ ಫೋನಿನ ಹಸಿರು ಗುರುತನ್ನು ನಂಬದೆ, ಅಂಥದ್ದೇ ತೋರಿಸುವ ನಕಲಿ ಆ್ಯಪುಗಳೂ ಇರುವುದರಿಂದ, ತಮ್ಮ ಖಾತೆಯ ಜಮೆಯನ್ನೇ ನೋಡಲಿ. ಜಮೆ ಕಾಣದಿದ್ದರೆ ಆ 12 ಅಂಕಿ, ಸಮಯ, ಮೊತ್ತವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ಪ್ರತಿಯನ್ನು ಗಿರಾಕಿಗೂ ಕೊಡಲಿ.

— ಓದುಗ, ಮಾಟುಂಗಾ, ಮುಂಬಯಿ